ಸಹಾಯ ಬೇಕು: ಲೀಗ್ ಮಧ್ಯೆ ಒಂದು ಜೋಡಿ ಬಿಟ್ಟುಹೋದರೆ ಪಾಯಿಂಟ್ ಲೆಕ್ಕ ಹೇಗೆ?

ನಮ್ಮ ಬಡಾವಣೆಯಲ್ಲಿ ಮೊದಲ ಸಲ ಪಿಕಲ್‌ಬಾಲ್ ಲೀಗ್ ನಡೆಸುತ್ತಿದ್ದೇವೆ. ಪ್ಯಾಡಲ್‌ನಿಂದ ತೂತಿರುವ ಪ್ಲಾಸ್ಟಿಕ್ ಚೆಂಡನ್ನು ನೆಟ್ ದಾಟಿಸುವ ಈ ಆಟ 1965ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದಾದರೂ ನಮಗೆ ಹೊಸದು. ಕೋರ್ಟ್ ಸುಲಭವಾಯಿತು, ಬ್ಯಾಡ್ಮಿಂಟನ್ ಡಬಲ್ಸ್ ಅಳತೆಯೇ, 44 ಅಡಿಗೆ 20. ನೆಟ್ ಪಕ್ಕದ 7 ಅಡಿ 'ಕಿಚನ್'ನಲ್ಲಿ ನಿಂತು ವಾಲಿ (ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆತ) ಹೊಡೆಯಬಾರದು ಅಂತ ಅಂಕಲ್‌ಗಳನ್ನು ಒಪ್ಪಿಸುವುದರಲ್ಲೇ ಅರ್ಧ ಸೀಸನ್ ಕಳೆಯಿತು!

8 ಜೋಡಿ, ಎಲ್ಲರಿಗೂ ಎಲ್ಲರ ಜೊತೆ ಒಂದೊಂದು ಪಂದ್ಯ, 11 ಪಾಯಿಂಟ್ ಆಟ. ಒಂದು ಜೋಡಿ 4 ಪಂದ್ಯ ಆಡಿ, 2 ಗೆದ್ದು, ಬಿಟ್ಟುಹೋಯಿತು. ಆಡದೇ ಉಳಿದ 3 ಜೋಡಿಗೆ 11-0 ವಾಕ್‌ಓವರ್ ಕೊಟ್ಟು ನೋಡಿದೆ. ಪಾಯಿಂಟ್ ಅಂತರದಲ್ಲಿ ಅವರು ಸುಮ್ನೆ ಮೇಲೆ ಹೋದರು, ಬೆವರು ಸುರಿಸಿ ಸೋತವರು ಜಗಳಕ್ಕೆ ನಿಂತರು. ಆ 4 ಪಂದ್ಯ ಅಳಿಸೋಣ ಅಂದರೆ ಅವರನ್ನು ಸೋಲಿಸಿದ ಎರಡು ಜೋಡಿಗೆ ಬೇಜಾರು.

ಲೀಗ್ ನಡೆಸಿದವರು ಹೇಳಿ: 4 ಪಂದ್ಯವನ್ನೂ ರದ್ದು ಮಾಡಬೇಕಾ, ಇಲ್ಲ ವಾಕ್‌ಓವರ್ ಇಟ್ಟುಕೊಂಡು ಅಂತರದ ಲೆಕ್ಕದಿಂದ ಮಾತ್ರ ಬಿಡಬೇಕಾ? ಭಾನುವಾರ ಸೆಮಿಫೈನಲ್ ಇದೆ.