ಫೋರ್‌ವೀಲ್ ಲಿವರ್ ಕಚ್ಚಿಕೊಂಡಿದೆ, ಏನು ಮಾಡಲಿ?

ಮದ್ದೂರಿನ ಜೀಪು:
ಸೋದರಮಾವನ ಹಳೆಯ ಮಹೀಂದ್ರ ಎಂಎಂ 540 ಆರು ವರ್ಷ ಕೊಟ್ಟಿಗೆಯಲ್ಲಿ ಹುಲ್ಲಿನ ಮೆದೆಗೆ ಒರಗಿ ನಿಂತಿತ್ತು. ಬ್ಯಾಟರಿ, ಬ್ರೇಕ್ ಸಿಲಿಂಡರ್, ಟೈರ್ ಹಾಕಿಸಿ ಹೊರಗೆ ತಂದೆ. ಮೊನ್ನೆ ಕಬ್ಬಿನ ಗದ್ದೆಯ ಕೆಸರಿನಿಂದ ಫೋರ್‌ವೀಲ್‌ನಲ್ಲಿ (ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ಹೋಗುವಂತೆ ಲಿವರ್ ಹಾಕಿ) ಸಲೀಸಾಗಿ ಹತ್ತಿ ಬಂತು. ಲಿವರ್ ಬಿಡಿಸುವುದನ್ನು ಮರೆತು ಟಾರು ರಸ್ತೆಯಲ್ಲೇ ಮನೆ ಸೇರಿದೆ. ಈಗ ಲಿವರ್ ಜಪ್ಪಯ್ಯ ಎಂದರೂ ಕದಲುತ್ತಿಲ್ಲ. ತಿರುವಿನಲ್ಲಂತೂ ಯಾರೋ ಹಿಂದಿನಿಂದ ಹಿಡಿದೆಳೆದಂತಾಗುತ್ತದೆ. ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸಬೇಕು ಎಂದರು. ಎದೆ ಧಸಕ್ಕೆಂದಿತು.

ಬನ್ನಿಮಂಟಪದವನು:
ಸ್ವಾಮಿ, ಪಾನಾ ಮುಟ್ಟಬೇಡಿ. ಈ ಜೀಪಿನಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ (ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಉರುಳಬೇಕು. ಕೆಸರಿನಲ್ಲಿ ಜಾರಿ ಸರಿಹೋಗುತ್ತದೆ. ಒಣ ಟಾರಿನಲ್ಲಿ ಜಾರದೆ ಶಾಫ್ಟುಗಳು ಮುರುಚಿಕೊಂಡು ಗೇರನ್ನು ಬಿಗಿಹಿಡಿಯುತ್ತವೆ. ನೇರವಾಗಿ ಹತ್ತು ಮಾರು ರಿವರ್ಸ್ ಹೋಗುತ್ತ ಲಿವರ್ ಎಳೆಯಿರಿ. ಬಾರದಿದ್ದರೆ ಮುಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿ. ಚಕ್ರ ಸರ್ರನೆ ತಿರುಗಬಹುದು, ಕೈ ದೂರವಿರಲಿ.

ಪಾಂಡವಪುರ ಡೀಸೆಲ್:
ಒಂದು ಮಾತು. ಟೈರ್ ನಾಲ್ಕೂ ಹೊಸದೋ, ಎರಡೋ?

ಮದ್ದೂರಿನ ಜೀಪು:
ಮುಂದೆ ಎರಡು ಹೊಸದು. ಹಿಂದಿನವು ಮಾವನ ಕಾಲದವು, ಕೊಬ್ಬರಿ ಗಿಟುಕಿನಷ್ಟು ನುಣುಪು.

ಪಾಂಡವಪುರ ಡೀಸೆಲ್:
ಅಲ್ಲಿದೆ ನೋಡಿ! ಸುತ್ತಳತೆ ಬೇರೆಯಾದರೆ ನೇರ ರಸ್ತೆಯಲ್ಲೂ ಕಚ್ಚುತ್ತದೆ. ದಾರವೊಂದನ್ನು ಸುತ್ತಿ ಅಳೆದು ನೋಡಿ.

ಮದ್ದೂರಿನ ಜೀಪು:
ಮೂರನೆಯ ರಿವರ್ಸಿಗೆ ‘ಟಣ್’ ಎಂದು ಬಿಟ್ಟುಕೊಂಡಿತು! ಇನ್ನೆರಡು ಟೈರಿಗೆ ಬೆಲೆ ವಿಚಾರಿಸುತ್ತಿದ್ದೇನೆ. ಹೆಂಡತಿಗೆ ಇನ್ನೂ ಹೇಳಿಲ್ಲ.