ನಾಲೆಯ ಟರ್ಬೈನ್ ತಿರುಗುತ್ತದೆ, ಬ್ಯಾಟರಿ ಮಾತ್ರ ತುಂಬುವುದಿಲ್ಲ

ಆಲೆಮನೆ_ಪಾಂಡವಪುರ
ಎಲ್ಲರಿಗೂ ನಮಸ್ಕಾರ. ಈ ಕೆಲಸಕ್ಕೆ ಕೈಹಾಕಿದಾಗಿನಿಂದ ನೆಮ್ಮದಿಯಿಲ್ಲ. ವಿಶ್ವೇಶ್ವರಯ್ಯ ನಾಲೆಯ ಉಪನಾಲೆಯೊಂದು ನಮ್ಮ ಗದ್ದೆಯ ಪಕ್ಕದಲ್ಲಿ ಹರಿಯುತ್ತದೆ. ಅದರ ಮೇಲಿನ ಕಾಲುಸೇತುವೆಗೆ ಕಟ್ಟಿ ಒಂದು ತೇಲುವ ಟರ್ಬೈನ್ ಬಿಟ್ಟಿದ್ದೇನೆ. ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನು ಎದುರುಬದುರು ಕೂರಿಸಿ, ನೆಟ್ಟಗೆ ನಿಂತ ಶಾಫ್ಟಿಗೆ ಬಿಗಿದಿದ್ದೇನೆ. ಒಳ್ಳೆಯ ವೇಗದಲ್ಲೇ ತಿರುಗುತ್ತದೆ. ಮೀಟರ್ ಹಿಡಿದರೆ 16.8 ವೋಲ್ಟ್ ತೋರಿಸುತ್ತದೆ. ಬ್ಯಾಟರಿಗೆ ಜೋಡಿಸಿದರೆ ಒಂದು ಆಂಪಿಯರ್ ಕೂಡ ಹರಿಯುವುದಿಲ್ಲ. ಆಲೆಮನೆಯಲ್ಲಿ ರಾತ್ರಿ ಕೆಲಸದವರಿಗೆ ನಾಲ್ಕು ದೀಪ ಉರಿಯಬೇಕು, ಅಷ್ಟೇ ನನ್ನ ಆಸೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕುವ ಹೊತ್ತಿಗೆ ಕರೆಂಟ್ ಹೋದರೆ ಪಾಕದ ಹದ ನೋಡುವುದು ಹೇಗೆ? ಎಲ್ಲಿ ಕೆಟ್ಟಿದೆ ಎಂದು ಯಾರಾದರೂ ಹೇಳಿ.

ವೈಂಡಿಂಗ್_ಅಂಗಡಿ_ಮಂಡ್ಯ
ಡಯೋಡ್. ಬೇರೆ ಯೋಚನೆಯೇ ಬೇಡ. ಜನರೇಟರಿನ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿಯಾಗಿ ಮಾಡುವುದು ಡಯೋಡ್ ಜೋಡಿಸಿದ ಬ್ರಿಡ್ಜ್. ಬ್ರಿಡ್ಜ್‌ನಲ್ಲಿ ಒಂದು ಡಯೋಡ್ ಹೋಗಿದ್ದರೂ ಖಾಲಿ ಮೀಟರ್‌ಗೆ ವೋಲ್ಟೇಜ್ ಬಂದೇ ಬರುತ್ತದೆ. ಮೀಟರ್ ಎಳೆಯುವ ಕರೆಂಟ್ ಎಷ್ಟು? ಏನೂ ಇಲ್ಲ. ಲೋಡ್ ಬಿದ್ದಾಗ ಬಣ್ಣ ಬಯಲಾಗುತ್ತದೆ. ಬ್ರಿಡ್ಜ್ ಬದಲಿಸಿ ನೋಡಿ.

ಆಲೆಮನೆ_ಪಾಂಡವಪುರ
ಬದಲಿಸಿದೆ ಸರ್. ಹೊಸದನ್ನೇ ತಂದು ಹಾಕಿದೆ. ಮೊದಲಿನಂತೆಯೇ ಇದೆ.

ವೈಂಡಿಂಗ್_ಅಂಗಡಿ_ಮಂಡ್ಯ
ಹೊಸದು ಎಂದರೆ ಯಾವುದು? ಲೋಹದ ಮೈಯಿರುವ 35 ಆಂಪಿಯರ್‌ನದೋ, ಪ್ಲಾಸ್ಟಿಕ್‌ನ ಸಣ್ಣದೋ? ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಹಾಕಿದ್ದೀರಾ? ಮೂರು ಫೇಸಿನ ಬ್ರಿಡ್ಜ್‌ನಲ್ಲಿ ಆರು ಡಯೋಡ್ ಇರುತ್ತವೆ. ಪ್ರತಿಯೊಂದನ್ನೂ ಬಿಡಿಬಿಡಿಯಾಗಿ ಪರೀಕ್ಷಿಸಿ, ಆರರ ಅಳತೆಯನ್ನೂ ಇಲ್ಲಿ ಹಾಕಿ. ನನ್ನ ಅಂಗಡಿಗೆ ಬರುವ ಇಂಥ ಕೆಲಸಗಳಲ್ಲಿ ದೋಷ ಅಲ್ಲೇ ಇರುತ್ತದೆ.

ಸಕಲೇಶಪುರದ_ಹಳ್ಳ
ಡಯೋಡ್ ಹಾಗಿರಲಿ. ಹರಿಯುವ ನೀರಿಗೆ ಚಕ್ರ ಒಡ್ಡಿ ಕರೆಂಟ್ ತೆಗೆಯುತ್ತೇನೆ ಎನ್ನುವುದೇ ಕಷ್ಟದ ದಾರಿ. ಊರಿನ ತೋಟದ ಮನೆಯಲ್ಲಿ ನಾವು ಹಳ್ಳದ ನೀರನ್ನು ಪೈಪಿನಲ್ಲಿ 40 ಮೀಟರ್ ಇಳಿಸುತ್ತೇವೆ. ಸೆಕೆಂಡಿಗೆ ಐದು ಲೀಟರ್ ಸಾಕು, ನೀರಿನಲ್ಲಿ ಸುಮಾರು 2 ಕಿಲೋವ್ಯಾಟ್ ಇರುತ್ತದೆ, ಅರ್ಧ ಕೈಗೆ ಸಿಕ್ಕರೂ ಮನೆ ಪೂರ್ತಿ ಬೆಳಗುತ್ತದೆ. ಟಿವಿ, ಮಿಕ್ಸಿ ಎಲ್ಲ ಅದರಲ್ಲೇ. ನೀವೂ ನಾಲೆಗೆ ಎರಡಡಿ ಅಡ್ಡಗಟ್ಟೆ ಹಾಕಿ ನೀರನ್ನು ಬೀಳಿಸಿ, ಆಗ ನೋಡಿ.

ವರುಣಾ_ನಾಲೆ_ಬಯಲು
ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಅದು ಸ್ವಂತ ತೋಟದ ಹಳ್ಳವಲ್ಲ, ಕಾವೇರಿ ನೀರಾವರಿ ನಿಗಮದ ನಾಲೆ. ಅಡ್ಡಗಟ್ಟೆ ಹಾಕಿದರೆ ಮೇಲ್ಭಾಗದಲ್ಲಿ ನೀರು ಏರಿ ದಂಡೆ ಕೊರೆಯುತ್ತದೆ, ಕೊನೆಯ ಭಾಗದ ರೈತನ ಗದ್ದೆಗೆ ನೀರು ತಲುಪುವುದಿಲ್ಲ. ಕರ್ನಾಟಕ ನೀರಾವರಿ ಕಾಯ್ದೆ, 1965ರ ಪ್ರಕಾರ ನಾಲೆಗೆ ಅಡ್ಡಿ ಮಾಡುವುದು ಅಪರಾಧ. ತೇಲುವ ಚಕ್ರಕ್ಕೂ ಎಂಜಿನಿಯರ್ ಕಚೇರಿಗೆ ಒಂದು ಅರ್ಜಿ ಕೊಟ್ಟು ಒಪ್ಪಿಗೆ ಪಡೆಯುವುದು ಒಳ್ಳೆಯದು.

ಸಕಲೇಶಪುರದ_ಹಳ್ಳ
ಕಾನೂನು ನನಗೂ ಗೊತ್ತು. ನಾನು ಹೇಳಿದ್ದು ತತ್ವ. ಎತ್ತರವಿಲ್ಲದ ನೀರಿನಲ್ಲಿ ಶಕ್ತಿ ಹುಡುಕಬಾರದು.

ವರುಣಾ_ನಾಲೆ_ಬಯಲು
ಮಂಡ್ಯದ ಬಯಲಿನಲ್ಲಿ 40 ಮೀಟರ್ ಇಳಿಜಾರನ್ನು ಎಲ್ಲಿಂದ ತರುವುದು ಸ್ವಾಮಿ? ಇಲ್ಲಿರುವುದು ಹರಿವು, ಆ ಹರಿವಿನಲ್ಲಿ ಏನು ಸಿಗುತ್ತದೆ ಎಂಬುದೇ ಪ್ರಶ್ನೆ.

ಸುರುಳಿರೆಕ್ಕೆ_ಮೈಸೂರು
ಸಮಸ್ಯೆ ರೆಕ್ಕೆಯಲ್ಲಿದೆ. ಡ್ರಮ್ ಸೀಳಿ ಮಾಡುವ ಸವೋನಿಯಸ್ ಚಕ್ರಕ್ಕೆ ನೀರಿನ ಶಕ್ತಿಯಲ್ಲಿ ಶೇ. 15ರಿಂದ 20 ಸಿಕ್ಕರೆ ಹೆಚ್ಚು. ಗೋರ್ಲೋವ್ ಎಂಬ ಎಂಜಿನಿಯರ್ 1990ರ ದಶಕದಲ್ಲಿ ಮಾಡಿದ ಸುರುಳಿ ರೆಕ್ಕೆಯ ಟರ್ಬೈನಿಗೆ ಪರೀಕ್ಷೆಯಲ್ಲಿ ಸುಮಾರು ಶೇ. 35 ಬಂದಿದೆ. ತೆರೆದ ಹರಿವಿನಲ್ಲಿ ಯಾವ ಚಕ್ರವೂ ದಾಟಲಾಗದ ಬೆಟ್ಜ್ ಮಿತಿಯೇ ಶೇ. 59.3 ಎಂದ ಮೇಲೆ ಅದು ದೊಡ್ಡ ಸಾಧನೆ. ನಾನು ಫೈಬರ್‌ನಲ್ಲಿ ಮೂರು ರೆಕ್ಕೆಯದನ್ನು ಎರಕ ಹೊಯ್ದಿದ್ದೇನೆ, ಸ್ಟೇನ್‌ಲೆಸ್ ಶಾಫ್ಟ್, ಸೆರಾಮಿಕ್ ಬೇರಿಂಗ್. ಚಿತ್ರ ಹಾಕುತ್ತೇನೆ.

ವರುಣಾ_ನಾಲೆ_ಬಯಲು
ಚೆನ್ನಾಗಿದೆ, ಆದರೆ ಕಬ್ಬಿನ ತರಗು, ಪ್ಲಾಸ್ಟಿಕ್ ಚೀಲ, ಅಂತರಗಂಗೆ ತೇಲಿಬರುವ ನಾಲೆಯಲ್ಲಿ ತೆಳು ರೆಕ್ಕೆಗೆ ಬೇಗನೆ ಕಸ ಸುತ್ತಿಕೊಳ್ಳುತ್ತದೆ. ಡ್ರಮ್ಮಿನದು ಒರಟು ಚಕ್ರ. ನಿಧಾನ ನೀರಿನಲ್ಲೂ ತಾನಾಗಿಯೇ ಹೊರಡುತ್ತದೆ, ತರಗು ಜಾರಿಹೋಗುತ್ತದೆ.

ಸುರುಳಿರೆಕ್ಕೆ_ಮೈಸೂರು
ಮುಂದೆ ಓರೆಯಾಗಿ ಕಂಬಿ ಜಾಲರಿ ಹಾಕಿದರೆ ಕಸದ ಮಾತೇ ಬರುವುದಿಲ್ಲ. ಪ್ರಯತ್ನಿಸದೆ ತಳ್ಳಿಹಾಕಬೇಡಿ.

ಆಲೆಮನೆ_ಪಾಂಡವಪುರ
ನನ್ನ ಪ್ರಶ್ನೆ ಎಲ್ಲಿಗೋ ಹೋಯಿತು. ಚಕ್ರ ತಿರುಗುತ್ತಿದೆ, ಕಸವೂ ಇಲ್ಲ. ಆರು ಡಯೋಡ್‌ಗಳನ್ನೂ ನೋಡಿದೆ, ಎಲ್ಲ ಒಂದೇ ಅಳತೆ ತೋರಿಸುತ್ತವೆ. ಕರೆಂಟ್ ಏಕೆ ಬರುವುದಿಲ್ಲ ಎಂಬುದಕ್ಕೆ ಉತ್ತರ ಬೇಕು.

ಅಳತೆ_ಮೊದಲು
ಅಣ್ಣ, ಡಯೋಡ್ ಬಿಟ್ಟರೆ ಬೇರೆ ಯಾವ ಅಳತೆಯನ್ನೂ ಇಷ್ಟು ಹೊತ್ತು ಯಾರೂ ಕೇಳಿಲ್ಲ, ನಾನು ಕೇಳುತ್ತೇನೆ. ಜನರೇಟರ್ ಯಾವುದು, ಚಕ್ರದಿಂದ ಅದಕ್ಕೆ ಎಷ್ಟು ಪಟ್ಟು ವೇಗ ಏರಿಸಿದ್ದೀರಿ? ನೀರಿನ ವೇಗ ಎಷ್ಟು? ದಂಡೆಯ ಮೇಲೆ 10 ಮೀಟರ್ ಗುರುತು ಮಾಡಿ, ಒಂದು ತೆಂಗಿನಕಾಯಿ ತೇಲಿಬಿಟ್ಟು ಸೆಕೆಂಡ್ ಎಣಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಬ್ಯಾಟರಿ ಜೋಡಿಸಿದ ಕ್ಷಣ ಚಕ್ರದ ವೇಗ ಇಳಿಯುತ್ತದೆಯೇ ಅಥವಾ ಹಾಗೆಯೇ ಇರುತ್ತದೆಯೇ? ಇಳಿದರೆ ನೀರಿನಲ್ಲಿ ಬಲ ಸಾಲದು ಎಂದರ್ಥ. ಇಳಿಯದಿದ್ದರೆ ಚಕ್ರಕ್ಕೆ ಭಾರವೇ ಬೀಳುತ್ತಿಲ್ಲ, ದಾರಿಯಲ್ಲಿ ಏನೋ ತಡೆಯುತ್ತಿದೆ.

ಆಲೆಮನೆ_ಪಾಂಡವಪುರ
ಹಳೆಯ ಎಲೆಕ್ಟ್ರಿಕ್ ಸ್ಕೂಟರಿನ ಚಕ್ರದೊಳಗಿನ 48 ವೋಲ್ಟ್ ಮೋಟಾರು. ಸೈಕಲ್ ಚೈನ್‌ನಲ್ಲಿ ಆರು ಪಟ್ಟು ವೇಗ ಏರಿಸಿದ್ದೇನೆ. ಕಾಯಿ 10 ಮೀಟರ್ ದಾಟಲು 9 ಸೆಕೆಂಡ್ ತೆಗೆದುಕೊಂಡಿತು. ಚಕ್ರದ ಅಗಲ ಒಂದು ಮೀಟರ್, ನೀರಿನಲ್ಲಿ ಮುಳುಗಿರುವುದು 60 ಸೆಂಟಿಮೀಟರ್. ಬ್ಯಾಟರಿ ಜೋಡಿಸಿದಾಗ ವೇಗ ಕಣ್ಣಿಗೆ ಕಾಣುವಷ್ಟು ಇಳಿಯುವುದಿಲ್ಲ. ಇದನ್ನು ನೋಡಿಕೊಂಡು ಬರಲು ಆಲೆಮನೆಯಿಂದ ನಾಲೆಯವರೆಗೆ ಹೋಗಬೇಕಾಯಿತು, ಅದಕ್ಕೇ ಉತ್ತರ ತಡವಾಯಿತು.

ಅಳತೆ_ಮೊದಲು
ಒಂದು ನಿಮಿಷ. ಬ್ಯಾಟರಿ ಇರುವುದು ಆಲೆಮನೆಯಲ್ಲೇ? ನಾಲೆಯಿಂದ ಎಷ್ಟು ದೂರ? ಯಾವ ವೈರ್?

ಆಲೆಮನೆ_ಪಾಂಡವಪುರ
ಹೌದು, ದೀಪ ಬೇಕಾಗಿರುವುದು ಅಲ್ಲಿಯೇ ಅಲ್ಲವೇ. ಸುಮಾರು 120 ಮೀಟರ್. ಮನೆ ವೈರಿಂಗಿಗೆ ಬಳಸುವ 1.5 ಚದರ ಮಿಲಿಮೀಟರಿನ ತಾಮ್ರದ ವೈರ್. ಒಳ್ಳೆಯ ಕಂಪನಿಯದು.

ಅಳತೆ_ಮೊದಲು
ಇಲ್ಲಿದೆ ನೋಡಿ ಅಣ್ಣ. ಆ ವೈರಿನ ಪ್ರತಿ ಮೀಟರಿಗೆ ಸುಮಾರು 0.012 ಓಮ್ ತಡೆ. ಹೋಗಲು 120, ಬರಲು 120, ಒಟ್ಟು 240 ಮೀಟರ್. ಹೆಚ್ಚುಕಡಿಮೆ 2.9 ಓಮ್ ಆಯಿತು. ನಿಮ್ಮ 16.8 ವೋಲ್ಟಿನಲ್ಲಿ ಬ್ಯಾಟರಿಯ 12.6 ಕಳೆಯಿರಿ, ಲೋಡ್ ಬಿದ್ದಾಗ ಡಯೋಡ್‌ಗಳು ನುಂಗುವ ಒಂದು ವೋಲ್ಟನ್ನೂ ಕಳೆಯಿರಿ. ಉಳಿಯುವುದು ಮೂರು ವೋಲ್ಟ್ ಚಿಲ್ಲರೆ. ಅದನ್ನು ವೈರ್ ಮತ್ತು ಮೋಟಾರಿನ ಸುರುಳಿ ಎರಡರ ತಡೆಯಿಂದ ಭಾಗಿಸಿದರೆ ಒಂದು ಆಂಪಿಯರ್. ನೀವು ಕಂಡದ್ದೂ ಅಷ್ಟೇ. ಡಯೋಡ್, ಅಯಸ್ಕಾಂತ, ರೆಕ್ಕೆ ಎಲ್ಲವೂ ಸರಿಯಾಗಿವೆ. ನಾಲೆ ತುಂಬ ಬರುವ ನೀರನ್ನು ಅರ್ಧ ಇಂಚಿನ ಪೈಪಿನಲ್ಲಿ ಗದ್ದೆಗೆ ಹಾಯಿಸಿದಂತಾಗಿದೆ.

ಇನ್ನು ನೀರಿನಲ್ಲಿ ಎಷ್ಟಿದೆ ಎಂಬ ಲೆಕ್ಕ. ಸೆಕೆಂಡಿಗೆ 1.1 ಮೀಟರ್, ಎದುರು ಮುಖ 0.6 ಚದರ ಮೀಟರ್. ವೇಗದ ಘನವನ್ನು ಮುಖದ ವಿಸ್ತೀರ್ಣದಿಂದ ಗುಣಿಸಿ, ನೀರಿನ ಸಾಂದ್ರತೆಯ ಅರ್ಧ ಎಂದರೆ 500ರಿಂದ ಗುಣಿಸಿದರೆ 400 ವ್ಯಾಟ್. ಸವೋನಿಯಸ್‌ಗೆ ಶೇ. 15 ಹಿಡಿದರೆ ಶಾಫ್ಟಿನಲ್ಲಿ 60, ಚೈನ್ ಮತ್ತು ಮೋಟಾರಿನ ನಷ್ಟ ಕಳೆದು 40 ವ್ಯಾಟ್. ನಾಲ್ಕು ಎಲ್‌ಇಡಿ ದೀಪಕ್ಕೆ ಧಾರಾಳ. ಮೊದಲು ಬ್ಯಾಟರಿಯನ್ನೇ ನಾಲೆಯ ದಂಡೆಗೆ ಹೊತ್ತುಕೊಂಡು ಹೋಗಿ, ಒಂದು ಮೀಟರ್ ವೈರಿನಲ್ಲಿ ಜೋಡಿಸಿ ನೋಡಿ.

ವೈಂಡಿಂಗ್_ಅಂಗಡಿ_ಮಂಡ್ಯ
ವೈರ್ ದೂರವಿದೆ ಎಂದು ಮೊದಲೇ ತಿಳಿಸಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆ. ಆದರೂ ಬ್ರಿಡ್ಜ್‌ಗೆ ಹೀಟ್‌ಸಿಂಕ್ ಬೇಕೇ ಬೇಕು, ಆ ಮಾತು ಬಿಡುವುದಿಲ್ಲ.

ನಿವೃತ್ತ_ಲೈನ್‌ಮನ್_ಮಳವಳ್ಳಿ
ಈ ಪಾಠವನ್ನು ನಮ್ಮ ತಾಲ್ಲೂಕು ನೂರು ವರ್ಷಕ್ಕೂ ಹಿಂದೆ ಕಲಿತಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು, ಸುಮಾರು 147 ಕಿಲೋಮೀಟರ್. ಆ ಕಾಲಕ್ಕೆ ಪ್ರಪಂಚದ ಅತಿ ಉದ್ದದ ಮಾರ್ಗಗಳಲ್ಲಿ ಅದೂ ಒಂದು. ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾದದ್ದು 1911ರಲ್ಲಿ. ಅಂದರೆ ಮೊದಲ ವರ್ಷಗಳಲ್ಲಿ ಬೆನ್ನ ಹಿಂದೆ ದೊಡ್ಡ ಜಲಾಶಯವಿಲ್ಲದೆ, ಹರಿದು ಬಂದ ಕಾವೇರಿಯನ್ನೇ ತಿರುಗಿಸಿಕೊಂಡು ನಡೆದ ಕೇಂದ್ರ ಅದು. ಅಷ್ಟು ದೂರ ಕಳಿಸಲು ಅವರು ಮಾಡಿದ್ದು ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿದ್ದು. ವೋಲ್ಟೇಜ್ ಏರಿದರೆ ಅದೇ ಶಕ್ತಿಗೆ ಕರೆಂಟ್ ಇಳಿಯುತ್ತದೆ, ಕರೆಂಟ್ ಅರ್ಧವಾದರೆ ತಂತಿಯ ನಷ್ಟ ಕಾಲು ಭಾಗಕ್ಕೆ ಬರುತ್ತದೆ. ನಿಮ್ಮ 120 ಮೀಟರಿಗೂ ಅದೇ ನಿಯಮ.

ಸಕಲೇಶಪುರದ_ಹಳ್ಳ
ಶಿವನಸಮುದ್ರದಲ್ಲಿ ನೀರು ಬೀಳುವ ಎತ್ತರವಿದೆ. ಅದನ್ನೇ ನಾನು ಮೊದಲಿನಿಂದ ಹೇಳುತ್ತಿರುವುದು.

ನಿವೃತ್ತ_ಲೈನ್‌ಮನ್_ಮಳವಳ್ಳಿ
ಎತ್ತರ ಇರುವಲ್ಲಿ ಎತ್ತರ, ಹರಿವು ಇರುವಲ್ಲಿ ಹರಿವು. ಅದಿರಲಿ, ಆಲೆಮನೆಯವರೇ, ಒಂದು ಮಾತು ಕೇಳಿ. ನಾಲೆಗೆ ಒಬ್ಬರೇ ಇಳಿಯಬೇಡಿ. 2018ರಲ್ಲಿ ಕನಗನಮರಡಿಯಲ್ಲಿ ಬಸ್ಸು ನಾಲೆಗೆ ಬಿದ್ದು 30 ಜನ ತೀರಿಕೊಂಡದ್ದು ನಿಮ್ಮ ತಾಲ್ಲೂಕಿನಲ್ಲೇ. ಉಪನಾಲೆಯಾದರೂ ಪಾಚಿ ಕಟ್ಟಿದ ಇಳಿಜಾರು ದಂಡೆಯಲ್ಲಿ ಕಾಲು ನಿಲ್ಲುವುದಿಲ್ಲ. ಸೊಂಟಕ್ಕೆ ಹಗ್ಗ, ದಂಡೆಯ ಮೇಲೆ ಇನ್ನೊಬ್ಬ ಆಳು, ಇವೆರಡೂ ಇಲ್ಲದೆ ಚಕ್ರ ಮುಟ್ಟಬೇಡಿ.

ಆಲೆಮನೆ_ಪಾಂಡವಪುರ
ಬ್ಯಾಟರಿ ದಂಡೆಗೆ ತಂದು ಜೋಡಿಸಿದೆ. ಅಣ್ಣನ ಮಗ ಜೊತೆಗಿದ್ದ. 2.7 ಆಂಪಿಯರ್! ಈ ಸಲ ಚಕ್ರದ ವೇಗ ಇಳಿದದ್ದು ಕಣ್ಣಿಗೆ ಕಂಡಿತು, ಚೈನ್ ಬಿಗಿಯಾಗಿ ನೆಟ್ಟಗೆ ನಿಂತಿತು. ಆದರೆ ಬ್ಯಾಟರಿಯನ್ನು ದಂಡೆಯಲ್ಲಿ ಬಿಡಲಾಗದು, ರಾತ್ರಿ ಕಳ್ಳರ ಕಾಟ. ಆಲೆಮನೆಗೆ ತರುವುದು ಹೇಗೆ? ದಪ್ಪ ವೈರಿಗೆ ದುಡ್ಡು ಹಾಕಲೇ?

ಅಳತೆ_ಮೊದಲು
ದಪ್ಪ ವೈರ್ ಬೇಡ. 12 ವೋಲ್ಟಿನಲ್ಲಿ 40 ವ್ಯಾಟ್ ತರಬೇಕಾದರೆ 3.3 ಆಂಪಿಯರ್ ಆಗಬೇಕು, ಈಗಿನ ವೈರಿನಲ್ಲಿ ಒಂಬತ್ತು ವೋಲ್ಟಿಗೂ ಹೆಚ್ಚು ನಷ್ಟ. ಅದೇ 40 ವ್ಯಾಟನ್ನು 36 ವೋಲ್ಟಿನಲ್ಲಿ ಕಳಿಸಿದರೆ 1.1 ಆಂಪಿಯರ್, ನಷ್ಟ ಮೂರು ವೋಲ್ಟ್ ಚಿಲ್ಲರೆ. ಶೇ. 9 ಹೋಗುತ್ತದೆ, ಹೋಗಲಿ. ಹಲ್ಲಿನ ಚಕ್ರ ಬದಲಿಸಿ ವೇಗವನ್ನು ಆರರಿಂದ ಹದಿನೆಂಟು ಪಟ್ಟಿಗೆ ಏರಿಸಿ. ಒಂದೇ ಚೈನಿನಲ್ಲಿ ಆಗುವುದಿಲ್ಲ, ಎರಡು ಹಂತ ಬೇಕು. ಆಲೆಮನೆಯಲ್ಲಿ ಬ್ಯಾಟರಿಯ ಪಕ್ಕ ವೋಲ್ಟೇಜ್ ಇಳಿಸುವ ಎಂಪಿಪಿಟಿ ಕಂಟ್ರೋಲರ್ (ಸಿಗುವಷ್ಟೂ ಶಕ್ತಿಯನ್ನು ಎಳೆದು ಬ್ಯಾಟರಿ ತುಂಬುವ, ಸೋಲಾರ್‌ಗೆ ಬಳಸುವ ಪೆಟ್ಟಿಗೆ) ಇಡಿ.

ಒಂದು ಎಚ್ಚರಿಕೆ. ಇಂಥ ಸೋಲಾರ್ ಕಂಟ್ರೋಲರ್ ಬ್ಯಾಟರಿ ತುಂಬಿದ ಕೂಡಲೇ ಕರೆಂಟ್ ಎಳೆಯುವುದನ್ನು ಕೈಬಿಡುತ್ತದೆ. ಸೋಲಾರ್ ಫಲಕಕ್ಕೆ ಅದರಿಂದ ತೊಂದರೆಯಿಲ್ಲ. ಭಾರ ಕಳಚಿದ ಟರ್ಬೈನ್ ಮಾತ್ರ ಓಡತೊಡಗುತ್ತದೆ, ವೋಲ್ಟೇಜ್ 50 ದಾಟಿ ಕಂಟ್ರೋಲರನ್ನೇ ಸುಡಬಹುದು. 100 ವೋಲ್ಟ್ ತಡೆಯುವ ಕಂಟ್ರೋಲರ್ ತನ್ನಿ. ಜೊತೆಗೆ, ವೋಲ್ಟೇಜ್ ಮಿತಿ ಮೀರಿದಾಗ ಹೆಚ್ಚುವರಿ ಕರೆಂಟ್ ಸುಡಲು ಒಂದು ಹೀಟರ್ ಸುರುಳಿ ಇರಲಿ.

ಸುರುಳಿರೆಕ್ಕೆ_ಮೈಸೂರು
ಸುರುಳಿ ರೆಕ್ಕೆ ತಾನೇ ವೇಗವಾಗಿ ತಿರುಗುವುದರಿಂದ ಎರಡು ಹಂತದ ಚೈನ್ ಬೇಕಾಗುವುದಿಲ್ಲ. ಇದಕ್ಕೆ ಬೇರೆ ಚರ್ಚೆ ತೆರೆದಿದ್ದೇನೆ, ಚಿತ್ರಗಳು ಅಲ್ಲಿವೆ.

ಆಲೆಮನೆ_ಪಾಂಡವಪುರ
ಎಲ್ಲರಿಗೂ ಧನ್ಯವಾದ. ಹಲ್ಲಿನ ಚಕ್ರ ಹುಡುಕಲು ಮೈಸೂರಿಗೆ ಹೋಗಬೇಕು. ಆದರೆ ಈಗ ಕಟ್ಟು ನೀರಿನ ಸರದಿ, ನಮ್ಮ ಉಪನಾಲೆಗೆ ನೀರು ನಿಲ್ಲಿಸಿದ್ದಾರೆ. ಮತ್ತೆ ಬಿಟ್ಟ ಮೇಲೆ ಅಳತೆ ಹಾಕುತ್ತೇನೆ.

ವರುಣಾ_ನಾಲೆ_ಬಯಲು
ನಾಲೆ ಒಣಗಿರುವಾಗಲೇ ಎಂಜಿನಿಯರ್ ಕಚೇರಿಗೆ ಅರ್ಜಿ ಕೊಟ್ಟುಬಿಡಿ, ಜಾಗ ತೋರಿಸುವುದು ಸುಲಭ. ಸೇತುವೆಗೆ ಕಟ್ಟಿರುವ ಹಗ್ಗ ತೆಗೆದು ಉಕ್ಕಿನ ತಂತಿ ಹಾಕಿ. ಸೇತುವೆಯ ಕಲ್ಲಿಗೆ ಹಗ್ಗ ಉಜ್ಜಿದ ಜಾಗದಲ್ಲಿ ಎಳೆ ಬಿಟ್ಟಿದೆಯೇ ಎಂದು ಇವತ್ತೇ ನೋಡಿ.