ಹೊಳೆ ರೇಸ್‌ಗೆ ಹೆಸರು ಕೊಡುವ ಅಂತಿದ್ದೇವೆ, ಅನುಭವ ಇದ್ದವರು ಹೇಳಿ

ಕೇಳಿದವರು, ಉಡುಪಿಯಿಂದ:

ನಾನು ಮತ್ತು ನನ್ನ ಅಣ್ಣನ ಮಗಳು ಎರಡು ವರ್ಷದಿಂದ ಸಾಲಿಗ್ರಾಮದ ಹಿನ್ನೀರಿನಲ್ಲಿ, ಕಾಂಡ್ಲಾ ಗಿಡಗಳ ನಡುವೆ ಕಯಾಕ್ (ಚಿಕ್ಕ ಹುಟ್ಟುದೋಣಿ) ಮಾಡುತ್ತಿದ್ದೇವೆ. ಇಬ್ಬರಿಗೂ ಈಜು ಬರುತ್ತದೆ. ಈ ಮಳೆಗಾಲಕ್ಕೆ ಕೇರಳದ ಕಡೆ ಒಂದು ವೈಟ್ ವಾಟರ್ (ನೊರೆ ಏಳುವ ರಭಸದ ನೀರಿನ) ರೇಸ್‌ಗೆ, ಹೊಸಬರ ವಿಭಾಗದಲ್ಲಿ, ಹೆಸರು ಕೊಡುವ ಅಂತ ಮನಸ್ಸಾಗಿದೆ. ಅವಳು ಕಯಾಕ್, ನಾನು ಗೆಳೆಯನ ಜೊತೆ ಇಬ್ಬರ ಕೆನೂ, ಮೇಲೆ ತೆರೆದ ಉದ್ದ ದೋಣಿ. ಮನೆಯಲ್ಲಿ ಈಗಲೇ ಬೈಗುಳ ಶುರುವಾಗಿದೆ. ಏನು ಕಲಿತು ಹೋಗಬೇಕು, ಏನು ತಗೊಂಡು ಹೋಗಬೇಕು? ಸುಮ್ನೆ ಹೆದರಿಸಬೇಡಿ, ಮುಚ್ಚಿಡಲೂ ಬೇಡಿ.

ಮಂಗಳೂರು, ಕೆನೂ ಹುಚ್ಚಿನವ:

ಹುಟ್ಟು ಹಾಕುವುದನ್ನು ನೀವು ಹೇಗೂ ಕಲಿಯುತ್ತೀರಿ. ಮಗುಚಿದ ಮೇಲಿನ ಹತ್ತು ಸೆಕೆಂಡ್ ಏನು ಮಾಡುವುದು ಅನ್ನುವುದನ್ನು ಮಾತ್ರ ಯಾರೂ ಕಲಿತು ಬರುವುದಿಲ್ಲ. ಪೆಟ್ಟಾಗುವುದು ಅಲ್ಲೇ.

ನನ್ನದೇ ಕಥೆ ಹೇಳುತ್ತೇನೆ. ಘಟ್ಟದ ಬುಡದ ಒಂದು ಹೊಳೆ. ರೇಸ್‌ಗೆ ಎರಡು ವಾರ ಇತ್ತು. ದೋಣಿ ಗೆಳೆಯನದ್ದು, ಕೇಳಿ ತಂದದ್ದು. ದೊಡ್ಡ ರ್‍ಯಾಪಿಡ್ ಏನಲ್ಲ (ರ್‍ಯಾಪಿಡ್ ಅಂದರೆ ಕಲ್ಲುಗಳ ಮೇಲೆ ರಭಸದಿಂದ ಹರಿಯುವ ಜಾಗ). ನೀರು ನಮ್ಮನ್ನು ಅಡ್ಡಡ್ಡ ಮಾಡಿ ಒಂದು ಬಂಡೆಯ ಕಡೆ ತಳ್ಳಿತು. ಬಂಡೆ ಮುಖಕ್ಕೆ ಬರುತ್ತಿದ್ದರೆ ಯಾರಾದರೂ ಹಿಂದಕ್ಕೇ ವಾಲುತ್ತಾರೆ ಅಲ್ವಾ, ನಾನೂ ವಾಲಿದೆ. ಹಿಂದಕ್ಕೆ ಅಂದರೆ ನೀರು ಬರುವ ಕಡೆಗೆ. ಆ ಅಂಚು ಒಂದು ಗೇಣು ತಗ್ಗಿದ್ದೇ ತಡ, ನೀರು ಅದನ್ನು ಹಿಡಿದು ಕೆಳಗೆಳೆದು ದೋಣಿಯನ್ನು ಬುಟ್ಟಿಯ ಹಾಗೆ ಮಗುಚಿ ಹಾಕಿತು. ಬಂಡೆಗೆ ಬಡಿಯುವುದು ತಪ್ಪುವುದಿಲ್ಲ ಅಂತ ಕಂಡರೆ ಬಂಡೆಯ ಕಡೆಗೇ ವಾಲಬೇಕು. ಅದನ್ನು ತಬ್ಬಿಕೊಳ್ಳುವ ಹಾಗೆ. ಇದನ್ನು ಓದಿದರೆ ಸಾಲದು, ಮೈಗೆ ಅಭ್ಯಾಸ ಆಗಬೇಕು.

ಆಮೇಲಿನದ್ದು ಇನ್ನೂ ದಡ್ಡತನ. ದೋಣಿ ಹೋದರೆ ಗೆಳೆಯನಿಗೆ ಮುಖ ತೋರಿಸುವುದು ಹೇಗೆ ಅಂತ ಅದನ್ನು ಗಟ್ಟಿ ಹಿಡಿದುಕೊಂಡೆ. ಹಿಡಿದದ್ದು ಕೆಳಬದಿಯಲ್ಲಿ. ಅಂದರೆ ಮುಂದೆ ನಾನು, ನನ್ನ ಹಿಂದೆ ನೀರು ತುಂಬಿದ ದೋಣಿ. ಜೊತೆಗಾರ ಆಗಲೇ ದಡ ಸೇರಿ "ಬಿಡು, ಬಿಡು ಮಾರಾಯಾ" ಅಂತ ಕಿರುಚುವುದು ಕೇಳುತ್ತಿತ್ತು. ನಾನು ಬಿಡಲಿಲ್ಲ. ಮುಂದಿನ ಬಂಡೆಗೆ ನನ್ನ ತೊಡೆ ತಾಗಿತು, ತೊಡೆಗೆ ದೋಣಿ ತಾಗಿತು. ಒಂದು ಲೀಟರ್ ನೀರು ಒಂದು ಕಿಲೋ. ಇಬ್ಬರ ಕೆನೂ ತುಂಬಿದರೆ ನೂರಾರು ಕಿಲೋ, ಅದೂ ನಿಂತದ್ದಲ್ಲ, ಓಡುವುದು. ನೀರಿನ ವೇಗ ಎರಡು ಪಟ್ಟಾದರೆ ಅದು ನೂಕುವ ಬಲ ನಾಲ್ಕು ಪಟ್ಟಾಗುತ್ತದೆ. ಪುಣ್ಯಕ್ಕೆ ದೋಣಿ ಒಂದು ಬದಿಗೆ ತಿರುಗಿ ಜಾರಿ ಹೋಯಿತು. ತೊಡೆ ಒಂದು ತಿಂಗಳು ಬದನೆಕಾಯಿ ಬಣ್ಣದಲ್ಲಿತ್ತು. ಮಟ್ಟುಗುಳ್ಳ ಅಲ್ಲ, ಆ ನೇರಳೆ ಬದನೆ. ದೋಣಿ ಇನ್ನೂರು ಮೀಟರ್ ಕೆಳಗೆ ಬಿದಿರು ಹಿಂಡಿಲಿನ ಹತ್ತಿರ ಆರಾಮವಾಗಿ ನಿಂತಿತ್ತು, ಒಂದು ಗೀರೂ ಇಲ್ಲದೆ.

ಹಾಗಾಗಿ ಮಗುಚಿದ ಕೂಡಲೇ ದೋಣಿಯ ಮೇಲ್ಬದಿಗೆ ಬನ್ನಿ, ನೀರು ಬರುವ ಕಡೆಯ ತುದಿಗೆ. ಅಲ್ಲಿ ಹಿಡಿದುಕೊಂಡರೆ ಅದು ನಿಮಗೆ ತೇಲಲು ಆಸರೆ. ಅಲ್ಲಿಗೆ ಬರಲು ಆಗದಿದ್ದರೆ, ಅಥವಾ ಅದು ನಿಮ್ಮನ್ನು ಕೆಟ್ಟ ಕಡೆಗೆ ಎಳೆಯುತ್ತಿದ್ದರೆ, ಬಿಟ್ಟುಬಿಡಿ. ಕೆನೂ ಮುಂದೆ ಹಿಂದೆ ಗಾಳಿ ಚೀಲ ತುರುಕಿ ಕಟ್ಟಿ. ಗಾಳಿ ಇದ್ದಲ್ಲಿ ನೀರು ತುಂಬುವುದಿಲ್ಲ, ದೋಣಿ ಹಗುರ ಇರುತ್ತದೆ.

ನೀರಲ್ಲಿ ನೀವೊಬ್ಬರೇ ಆದಾಗ ಅಂಗಾತ ತೇಲಿ. ಕಾಲು ಹೊಳೆ ಹರಿಯುವ ಕಡೆಗೆ, ಹೆಬ್ಬೆರಳು ನೀರಿನ ಮೇಲೆ ಕಾಣಬೇಕು. ಕಲ್ಲು ಬಂದರೆ ಕಾಲಲ್ಲಿ ಒದೆಯಬಹುದು. ಆಳ ಕಡಿಮೆ ಕಂಡ ತಕ್ಷಣ ಎದ್ದು ನಿಲ್ಲುವ ಆಸೆ ಆಗುತ್ತದೆ, ಅದೇ ಅಪಾಯ. ಪಾದ ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡರೆ ಹಿಂದಿನ ನೀರು ನಿಮ್ಮನ್ನು ಮುಂದಕ್ಕೆ ಬಗ್ಗಿಸಿ ಮುಖವನ್ನು ನೀರಿನೊಳಗೇ ಹಿಡಿದಿಡುತ್ತದೆ. ಸೊಂಟದಷ್ಟು ನೀರೂ ಸಾಕು ಇದಕ್ಕೆ. ನೀರು ಮೊಣಕಾಲಿನ ಕೆಳಗೆ ಬರುವ ತನಕ ತೇಲುತ್ತಲೇ ಇರಿ, ಇಲ್ಲವೇ ತಿರುಗಿ ಜೋರಾಗಿ ಈಜಿ ಬಂಡೆಯ ಕೆಳಬದಿಯ ಶಾಂತ ನೀರಿಗೆ ನುಗ್ಗಿ. ಅದಕ್ಕೆ ಎಡ್ಡಿ ಅನ್ನುತ್ತಾರೆ. ತುಳುವರಿಗೆ ನೆನಪಿಡಲು ಸುಲಭ, ಎಡ್ಡಿ ಅಂದರೆ ಎಡ್ಡೆ (ಒಳ್ಳೆಯ) ಜಾಗ.

ಹೆಬ್ರಿ ಕಡೆಯವ:

ರೇಸ್ ಕೇರಳದಲ್ಲಿ ಇರಬಹುದು, ಅಭ್ಯಾಸ ಇಲ್ಲೇ ಅಲ್ವಾ? ಹಾಗಾದರೆ ನಮ್ಮ ಹೊಳೆಯ ವಿಷಯ ಕೇಳಿ.

ಸೀತಾನದಿಯಲ್ಲಿ ರ್‍ಯಾಫ್ಟಿಂಗ್ ನಡೆಯುವುದೇ ಮಳೆಗಾಲದಲ್ಲಿ. ಹೆಬ್ರಿಯಲ್ಲಿ ಬಿಸಿಲು ಇದ್ದರೂ ಮೇಲೆ ಆಗುಂಬೆಯಲ್ಲಿ ಸುರಿಯುತ್ತಿರಬಹುದು. ಅಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಆ ನೀರು ಇಳಿದು ಬರುವುದು ನಿಮ್ಮ ಮೇಲೇ. ನಾವು ಮಾಡುವುದು ಇಷ್ಟೆ. ನೀರಿನ ಅಂಚಿನಲ್ಲಿ ಒಂದು ಕೋಲು ಚುಚ್ಚಿ, ಚಾ ಕುಡಿದು ಬಂದು ನೋಡುವುದು. ಕೋಲು ನೀರಿನ ಒಳಗೆ ಹೋಗಿದ್ದರೆ ಅವತ್ತು ಮನೆಗೆ. ನೀರಿನ ಬಣ್ಣ ಬದಲಾಗಿ ಚಾದ ಹಾಗೆ ಆದರೆ, ಅಡಿಕೆ ಹಾಳೆ, ಕಸಕಡ್ಡಿ, ತೆಂಗಿನಕಾಯಿ ತೇಲಿ ಬರಲು ಶುರುವಾದರೆ ಕೋಲೂ ಬೇಡ.

ಇನ್ನು ಕಿಂಡಿ ಅಣೆಕಟ್ಟು, ಕಂಬಗಳ ನಡುವೆ ಹಲಗೆ ಹಾಕಿ ನೀರು ನಿಲ್ಲಿಸುವ ಗಿಡ್ಡ ಕಟ್ಟ. ನಮ್ಮ ಎರಡೂ ಜಿಲ್ಲೆಗಳಲ್ಲಿ ಇದು ಇಲ್ಲದ ಹೊಳೆ ಹುಡುಕಬೇಕು. ಮಳೆಗೆ ಮೊದಲು ಹಲಗೆ ತೆಗೆಯುತ್ತಾರೆ, ಕಂಬಗಳು ಮಾತ್ರ ಉಳಿಯುತ್ತವೆ. ಮೊದಲ ನೆರೆಗೆ ಮರದ ದಿಮ್ಮಿ, ಬಿದಿರು, ಪ್ಲಾಸ್ಟಿಕ್ ಎಲ್ಲ ಬಂದು ಆ ಕಂಬಗಳಿಗೆ ಸಿಕ್ಕಿಕೊಳ್ಳುತ್ತದೆ. ಕುಚ್ಚಲಕ್ಕಿ ಅನ್ನ ಬಸಿಯುವುದು ನೋಡಿದ್ದೀರಲ್ಲ, ತೆಳಿ ಹೋಗುತ್ತದೆ, ಅನ್ನ ನಿಲ್ಲುತ್ತದೆ. ಅಲ್ಲಿ ನೀವು ಅನ್ನ. ದಡದಿಂದ ಬಾಗಿ ನೀರಿಗೆ ಬಿದ್ದ ಮರವೂ ಹಾಗೆಯೇ. ಅಂಥದ್ದರ ಕಡೆ ಹೋಗುವುದು ತಪ್ಪುವುದೇ ಇಲ್ಲ ಅಂತಾದರೆ ಮಾತ್ರ ಅಂಗಾತ ಇರಬೇಡಿ. ಕವುಚಿ, ತಲೆ ಮುಂದೆ ಮಾಡಿ, ಅದರ ಕಡೆಗೇ ಜೋರಾಗಿ ಈಜಿ ಮೇಲೆ ಹತ್ತಲು ನೋಡಬೇಕು. ಅಡಿಗೆ ಹೋದರೆ ಕಷ್ಟ.

ಹಲಗೆ ಹಾಕಿದ ಕಾಲದಲ್ಲಿ, ಅಥವಾ ಯಾವುದೇ ಗಿಡ್ಡ ಕಟ್ಟದ ಮೇಲೆ ನೀರು ಹರಿಯುವಾಗ, ಮೇಲಿನಿಂದ ಬರುವವರಿಗೆ ಅಡ್ಡಕ್ಕೊಂದು ಗೆರೆ ಮಾತ್ರ ಕಾಣುತ್ತದೆ. ಚಂದವಾಗಿಯೂ ಕಾಣುತ್ತದೆ. ಕೆಳಗೆ ಬಿದ್ದ ನೀರು ಮಾತ್ರ ತಿರುಗಿ ಕಟ್ಟದ ಕಡೆಗೇ ಬರುತ್ತಿರುತ್ತದೆ, ಈ ದಡದಿಂದ ಆ ದಡದವರೆಗೆ ಒಂದೇ ಸಮ. ಬಂಡೆಯ ಕೆಳಗಿನ ಸುಳಿಯಾದರೆ ಬದಿಯಿಂದ ಜಾರಿಕೊಳ್ಳಬಹುದು, ಇದರಲ್ಲಿ ಬದಿಯೇ ಇಲ್ಲ. ಎಷ್ಟೇ ಗಿಡ್ಡ ಇರಲಿ, ದೋಣಿ ಹೊತ್ತುಕೊಂಡು ಸುತ್ತಿ ಹೋಗಿ.

ಮೂಲ್ಕಿಯಿಂದ, ಕಯಾಕ್ ಮಾಡುವವಳು:

ನಾನು ಬರೆಯುವುದು ನಿಮ್ಮ ಅಣ್ಣನ ಮಗಳಿಗೆ. ಹಿನ್ನೀರಿನಲ್ಲಿ ಬಾಡಿಗೆಗೆ ಸಿಗುವುದು ಜಾಸ್ತಿ ಮೇಲೆ ಕೂರುವ ಕಯಾಕ್, ಮಗುಚಿದರೆ ತಾನಾಗಿ ಬಿದ್ದುಬಿಡುತ್ತೇವೆ. ರೇಸ್‌ನದ್ದು ಹಾಗಲ್ಲ. ಸೊಂಟದವರೆಗೆ ಒಳಗೆ ಕೂತು, ಸುತ್ತ ಸ್ಪ್ರೇ ಸ್ಕರ್ಟ್, ಅಂದರೆ ನೀರು ಒಳಗೆ ಬರದಂತೆ ದೋಣಿಯ ಬಾಯಿ ಮುಚ್ಚುವ ಹೊದಿಕೆ, ಬಿಗಿದುಕೊಳ್ಳಬೇಕು. ಮಗುಚಿದರೆ ತಲೆ ಕೆಳಗೆ, ನೀರೊಳಗೆ, ಕಾಲು ದೋಣಿಯೊಳಗೆ.

ಸ್ಕರ್ಟಿನ ಮುಂದೆ ಒಂದು ಲೂಪ್ ಇರುತ್ತದೆ, ಅದನ್ನು ಮುಂದಕ್ಕೆ ಎಳೆದು ಕಿತ್ತರೆ ಸ್ಕರ್ಟ್ ಬಿಚ್ಚುತ್ತದೆ, ಆಮೇಲೆ ಪ್ಯಾಂಟ್ ಬಿಚ್ಚಿದ ಹಾಗೆ ದೋಣಿಯನ್ನು ಸೊಂಟದಿಂದ ಕೆಳಗೆ ತಳ್ಳಿ ಹೊರಗೆ ಬರುವುದು. ಕೇಳಲು ಸುಲಭ. ಮೊದಲ ದಿನ ಈಜುಕೊಳದಲ್ಲಿ ನಾನು ಅವಸರಕ್ಕೆ ಆ ಲೂಪನ್ನು ಒಳಗೆ ಸೇರಿಸಿಯೇ ಸ್ಕರ್ಟ್ ಬಿಗಿದಿದ್ದೆ. ಮಗುಚಿದೆ, ಕೈ ಮುಂದೆ ಹೋಯಿತು, ಲೂಪ್ ಇಲ್ಲ. ಇನ್ನೊಮ್ಮೆ ತಡವಿದೆ, ಇಲ್ಲ. ಮೂಗಿನೊಳಗೆ ಕ್ಲೋರಿನ್ ನೀರು. ಪಕ್ಕದಲ್ಲಿ ನಿಂತವರು ದೋಣಿ ತಿರುಗಿಸಿ ಎತ್ತಿದರು. ಆರೇಳು ಸೆಕೆಂಡ್ ಅಷ್ಟೇ ಅಂತೆ. ನನಗೆ ಅದು ಒಂದು ಯಕ್ಷಗಾನ ಪ್ರಸಂಗದಷ್ಟು ಉದ್ದ ಇತ್ತು.

ಅವತ್ತಿನಿಂದ ಸ್ಕರ್ಟ್ ಬಿಗಿದ ಮೇಲೆ ಲೂಪ್ ಮುಟ್ಟಿ, ಜೊತೆಗಾರರಿಗೆ ತೋರಿಸಿ ಆಮೇಲೆಯೇ ನೀರಿಗೆ. ಲೂಪ್ ಸಿಗದಿದ್ದರೆ ಸೊಂಟದ ಪಕ್ಕದಲ್ಲಿ ಸ್ಕರ್ಟಿನ ಅಂಚನ್ನು ಕೈಯಲ್ಲಿ ಹಿಡಿದು ಕೀಳುವುದನ್ನೂ ಅಭ್ಯಾಸ ಮಾಡಿ. ನೀರೊಳಗಿರುವಾಗ ಹಣೆ ದೋಣಿಗೆ ತಾಗುವಷ್ಟು ಮುಂದೆ ಬಗ್ಗಿ. ಹಿಂದಕ್ಕೆ ಒರಗಿದರೆ ಕಲ್ಲು ತಾಗುವುದು ಮುಖಕ್ಕೆ. ಬಗ್ಗಿದ್ದರೆ ಪೆಟ್ಟು ಹೆಲ್ಮೆಟ್‌ಗೆ, ಬೆನ್ನಿನ ಜಾಕೆಟ್‌ಗೆ.

ರೋಲ್ ಮಾಡಿ, ಅಂದರೆ ಒಳಗೆ ಕೂತೇ ಮಗುಚಿದ ದೋಣಿ ತಿರುಗಿಸಿ, ಎದ್ದು ಕೂರಲು ಕಲಿತರೆ ಒಳ್ಳೆಯದೇ, ಆದರೆ ಕೊಳದ ರೋಲ್ ಹೊಳೆಯಲ್ಲಿ ಬರುವುದಿಲ್ಲ, ಬರುವಷ್ಟು ಸಲ ಮಾಡಿರಬೇಕು.

ಹೆಲ್ಮೆಟ್ ಹಾಕಿ ಹಣೆಯ ಅಂಚನ್ನು ಮೇಲಕ್ಕೆ ತಳ್ಳಿ ನೋಡಿ. ಹಿಂದೆ ಸರಿದು ಹಣೆ ಕಂಡರೆ ಅದು ನಿಮ್ಮ ಅಳತೆ ಅಲ್ಲ. ಬೈಕಿನದ್ದು ಬೇಡವೇ ಬೇಡ. ಲೈಫ್ ಜಾಕೆಟ್ ಬಿಗಿದ ಮೇಲೆ ಯಾರಾದರೂ ಎರಡೂ ಭುಜದ ಪಟ್ಟಿ ಹಿಡಿದು ಎತ್ತಲಿ. ಕಿವಿಯವರೆಗೆ ಬಂತು ಅಂದರೆ ನೀರಲ್ಲಿ ಅದು ಒಂದು ಕಡೆ, ನೀವು ಒಂದು ಕಡೆ. ಸ್ಲಾಲಮ್‌ನವರು (ನೀರಿನ ಮೇಲೆ ತೂಗುಬಿಟ್ಟ ಕೋಲುಗಳ ಗೇಟ್ ದಾಟುತ್ತಾ ರೇಸ್ ಮಾಡುವವರು) ಹಾಕುವ ತೆಳು ಜಾಕೆಟ್ ನೋಡಿ ಆಸೆಪಡಬೇಡಿ. ಅದು ನಿಯಮಕ್ಕೆ ಬೇಕಾದಷ್ಟು ಮಾತ್ರ ತೇಲಿಸುವ ಹಾಗೆ ಮಾಡಿದ್ದು, ಹೊಸಬರಿಗೆ ಇನ್ನೂ ದಪ್ಪದ್ದೇ ಲೇಸು.

ಇನ್ನೊಂದು. ಕೋಝಿಕ್ಕೋಡ್ ಜಿಲ್ಲೆಯ ತುಷಾರಗಿರಿ, ಕೋಡಂಚೇರಿ ಕಡೆ ಚಾಲಿಪ್ಪುಝ, ಇರುವಂಜಿಪ್ಪುಝ ಹೊಳೆಗಳಲ್ಲಿ 2013ರಿಂದ ಮಲಬಾರ್ ರಿವರ್ ಫೆಸ್ಟಿವಲ್ ನಡೆಯುತ್ತದೆ. ಸ್ಪರ್ಧಿಸುವ ಮೊದಲು ಒಂದು ಸಲ ನೋಡಲಿಕ್ಕೆಂದೇ ಹೋಗಿ. ಬೋಟರ್ ಕ್ರಾಸ್‌ನಲ್ಲಿ ಹಲವರು ಒಟ್ಟಿಗೆ ಹೊರಟು ಒಬ್ಬರ ಮೇಲೊಬ್ಬರು ಬೀಳುವುದು ನೋಡಿದರೆ ಗೊತ್ತಾಗುತ್ತದೆ, ಅಲ್ಲಿ ಬಂಡೆಗಿಂತ ಪಕ್ಕದವರ ಹುಟ್ಟೇ ಜಾಸ್ತಿ ಅಪಾಯ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೂ ಇಂಥದ್ದೇ ಆಟ ಬಂತು, ಕಯಾಕ್ ಕ್ರಾಸ್ ಅಂತ, ನಾಲ್ಕು ದೋಣಿ ಒಟ್ಟಿಗೆ. ಮೊದಲ ವರ್ಷ ಅವಳನ್ನು ಅದಕ್ಕೆ ಸೇರಿಸಬೇಡಿ, ಒಬ್ಬೊಬ್ಬರೇ ಹೋಗುವುದಕ್ಕೆ ಸೇರಿಸಿ.

ಸುರತ್ಕಲ್‌ನಿಂದ:

ಇಷ್ಟೆಲ್ಲ ಯಾಕೆ? ಸೀತಾನದಿಯಲ್ಲಿ ಎರಡು ಸಲ ರ್‍ಯಾಫ್ಟಿಂಗ್ ಮಾಡಿ, ಸಾಕು.

ಮಂಗಳೂರು, ಕೆನೂ ಹುಚ್ಚಿನವ:

ಸಾಕಾಗುವುದಿಲ್ಲ ಮಾರಾಯ್ರೆ. ರ್‍ಯಾಫ್ಟ್‌ನಲ್ಲಿ ಹೊಳೆ ಓದುವವರು ಗೈಡ್, ನೀವು ಅವರು ಹೇಳಿದಾಗ ಹುಟ್ಟು ಹಾಕುವವರು. ನಾನೂ ಹತ್ತು ಸಲ ಮಾಡಿ, ಹೊಳೆ ಗೊತ್ತುಂಟು ಅಂದುಕೊಂಡಿದ್ದೆ. ಆದರೂ ಒಂದು ಉಪಾಯ. ಗೈಡ್ ಹತ್ತಿರ ಕೇಳಿ, ಸೇಫ್ ಇರುವ ಜಾಗದಲ್ಲಿ ನೀರಿಗೆ ಇಳಿದು ಅಂಗಾತ ತೇಲಿ, ಆಮೇಲೆ ಈಜಿ ಎಡ್ಡಿ ಹಿಡಿಯುವುದನ್ನು ಅಭ್ಯಾಸ ಮಾಡಿ. ಅಷ್ಟಕ್ಕೇ ದುಡ್ಡು ವಸೂಲು.

ಮಲ್ಪೆಯಿಂದ, ಹಗ್ಗ ಎಸೆಯುವವ:

ನಾನು ರೇಸ್ ಮಾಡುವವನಲ್ಲ, ದಡದಲ್ಲಿ ನಿಲ್ಲುವವ. ಹಗ್ಗದ ಚೀಲದಲ್ಲಿ ಸಾಮಾನ್ಯವಾಗಿ 15ರಿಂದ 20 ಮೀಟರ್ ಹಗ್ಗ ಇರುತ್ತದೆ. ನಾನು "ಹಗ್ಗಾ" ಅಂತ ಕೂಗಿ ಎಸೆಯುತ್ತೇನೆ. ನೀವು ಹಿಡಿಯಬೇಕಾದ್ದು ಹಗ್ಗವನ್ನು, ಚೀಲವನ್ನಲ್ಲ. ಹಿಡಿದು ಅಂಗಾತ ತಿರುಗಿ, ನಾನಿರುವ ದಡ ಎಡಕ್ಕಿದ್ದರೆ ಹಗ್ಗ ನಿಮ್ಮ ಬಲ ಭುಜದ ಮೇಲೆ ಬರಲಿ, ಬಲಕ್ಕಿದ್ದರೆ ಎಡ ಭುಜದ ಮೇಲೆ. ಆಗ ನೀರೇ ನಿಮ್ಮನ್ನು ದಡಕ್ಕೆ ತಳ್ಳುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಸೊಂಟಕ್ಕೆ ಕಟ್ಟಿಕೊಳ್ಳಲೇಬೇಡಿ. ಬಿಡಬೇಕಾದಾಗ ಬಿಡಲು ಆಗಬೇಕು. ನಮ್ಮಲ್ಲಿ ಬಲೆ ಎಸೆದು ಬೆಳೆದವರಿಗೂ ಇದನ್ನು ಹೇಳಿಕೊಡಬೇಕಾಗುತ್ತದೆ, ಸುತ್ತಿಕೊಳ್ಳುವ ಚಟ.

ಹಾಗೇ ಸನ್ನೆ ನೋಡಿಟ್ಟುಕೊಳ್ಳಿ. ಹುಟ್ಟು ನೆಟ್ಟಗೆ ಎತ್ತಿ ಹಿಡಿದರೆ ಬನ್ನಿ, ಅಡ್ಡ ಹಿಡಿದರೆ ನಿಲ್ಲಿ. ಒಂದು ಕಡೆ ತೋರಿಸಿದರೆ ಆ ಕಡೆಗೆ ಹೋಗಿ ಅಂತ. ಅಪಾಯದ ಕಡೆ ಯಾರೂ ಬೆರಳು ತೋರಿಸುವುದಿಲ್ಲ, ತೋರಿಸಲೂಬಾರದು. ಸೀಟಿ ಮೂರು ಸಲ ಕೇಳಿದರೆ ಯಾರಿಗೋ ತೊಂದರೆ ಆಗಿದೆ.

ಮಣಿಪಾಲ, ಆಸ್ಪತ್ರೆ ಕೆಲಸದವಳು:

ಯಾರೂ ಹೇಳಲಿಲ್ಲ, ಇಲಿ ಜ್ವರ. ಮಳೆಗಾಲದ ಹೊಳೆ ನೀರು, ಮೈಮೇಲೆ ತರಚು ಗಾಯ, ಇಷ್ಟು ಸಾಕು ಅದಕ್ಕೆ. ಗಾಯ ಇದ್ದರೆ ವಾಟರ್‌ಪ್ರೂಫ್ ಪಟ್ಟಿ ಹಾಕಿ ಇಳಿಯಿರಿ. ರೇಸ್ ಮುಗಿದು ಒಂದೆರಡು ವಾರದಲ್ಲಿ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪು ಆದರೆ ಮಾತ್ರೆ ನುಂಗಿ ಮಲಗಬೇಡಿ. ಡಾಕ್ಟರ್ ಹತ್ತಿರ ಹೋಗಿ, "ನಾನು ಹೊಳೆಗೆ ಇಳಿದಿದ್ದೆ" ಅಂತ ನೀವಾಗಿ ಹೇಳಿ. ಅವರು ಕೇಳುವವರೆಗೆ ಕಾಯಬೇಡಿ.

ಕೇಳಿದವರು, ಉಡುಪಿಯಿಂದ:

ಎಲ್ಲರಿಗೂ ಥ್ಯಾಂಕ್ಸ್. ಅನ್ನ ಬಸಿಯುವ ಮಾತನ್ನು ಅಮ್ಮನಿಗೆ ಓದಿ ಹೇಳಿದೆ, ತಪ್ಪಾಯಿತು, ಈಗ ಇನ್ನೂ ಜೋರು. ಒಂದು ಸಂಶಯ. ರೇಸ್ ನಡುವೆ ಬೇರೆಯವರು ಮಗುಚಿದ್ದು ಕಂಡರೆ ನಿಲ್ಲಬೇಕಾ? ಸಮಯ ಹೋಗುತ್ತದಲ್ಲ?

ಮಂಗಳೂರು, ಕೆನೂ ಹುಚ್ಚಿನವ:

ನಿಲ್ಲಬೇಕು. ಸಮಯದ ಲೆಕ್ಕ ಹೇಗೆ ಅಂತ ಮೊದಲೇ ಸಂಘಟಕರ ಹತ್ತಿರ ಕೇಳಿಟ್ಟುಕೊಳ್ಳಿ. ನಿಂತವರಿಗೆ ಮತ್ತೊಂದು ಅವಕಾಶ ಕೊಡುತ್ತಾರಾ ಅಂತಲೂ ಕೇಳಿ. ಕೊಡದಿದ್ದರೂ ನಿಲ್ಲಿ. ಆದರೆ ನಿಮ್ಮ ದೋಣಿ ಮೊದಲು ಎಡ್ಡಿಗೆ, ಆಮೇಲೆ ಸಹಾಯ. ಇಲ್ಲದಿದ್ದರೆ ನೀರಲ್ಲಿ ಇಬ್ಬರು ಆಗುತ್ತೀರಿ.

ಸಮಯದ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಸ್ಲಾಲಮ್‌ನಲ್ಲಿ ಗೇಟ್ ತಾಗಿದರೆ 2 ಸೆಕೆಂಡ್ ಸೇರಿಸುತ್ತಾರೆ, ತಪ್ಪಿದರೆ 50. ಈ 50 ತಲೆಯಲ್ಲಿ ಕೂತುಬಿಡುತ್ತದೆ. ತಪ್ಪಿದ ಗೇಟ್‌ಗೆ ವಾಪಸ್ ಹೋಗಲು ನೀರಿಗೆ ಅಡ್ಡಡ್ಡ ಒದ್ದಾಡಿ ಮಗುಚಿದವರು ಎಷ್ಟೋ. ನಾನು ದೋಣಿ ಬಿಡಲಿಲ್ಲ ಅಂದೆನಲ್ಲ, ಇದೂ ಅದೇ ಜಾತಿ. ಹೋದ ಗೇಟ್ ಹೋಯಿತು. ಹಿಂದಿನ ದಿನ ದಡದಲ್ಲಿ ನಡೆದುಕೊಂಡು ಇಡೀ ದಾರಿ ನೋಡಿ, ಇಂಥ ಕಡೆ ಮಗುಚಿದರೆ ಇಂಥ ಎಡ್ಡಿಗೆ ಅಂತ ಜೊತೆಗಾರನ ಜೊತೆ ಮಾತಾಡಿಟ್ಟುಕೊಳ್ಳಿ. ಯಾವುದಾದರೂ ರ್‍ಯಾಪಿಡ್ ನೋಡಿ ಹೊಟ್ಟೆಯಲ್ಲಿ ಕಸಿವಿಸಿ ಆದರೆ ಅದನ್ನು ಬಿಟ್ಟು ನಡೆದುಕೊಂಡು ಹೋಗಿ. ಫೋಟೋ ತೆಗೆಯುವವರು ಅಲ್ಲೇ ನಿಂತಿರುತ್ತಾರೆ, ಅದೊಂದು ಬೇಜಾರು.

ಕೇಳಿದವರು, ಉಡುಪಿಯಿಂದ:

ಸರಿ. ಈ ಭಾನುವಾರದಿಂದ ಈಜುಕೊಳದಲ್ಲಿ ಮಗುಚುವ ಅಭ್ಯಾಸ. ಹೆಸರು ಕೊಡುವುದು ಅದು ನೋಡಿಕೊಂಡು. ಕೆನೂಗೆ ಹಾಕುವ ಗಾಳಿ ಚೀಲ ಯಾರ ಹತ್ತಿರವಾದರೂ ಉಂಟಾ?

ಮಂಗಳೂರು, ಕೆನೂ ಹುಚ್ಚಿನವ:

ನನ್ನಲ್ಲಿ ಎರಡು ಉಂಟು. ಒಂದಕ್ಕೆ ತೂತಾಗಿತ್ತು, ಸೈಕಲ್ ಪಂಕ್ಚರ್ ಪ್ಯಾಚ್ ಹಾಕಿದ್ದೇನೆ, ಗಾಳಿ ನಿಲ್ಲುತ್ತದಾ ಅಂತ ಭಾನುವಾರ ಅಲ್ಲೇ ನೋಡುವ. ನಾನೂ ಬರುತ್ತೇನೆ.